ಹಾಸನದ ಬಡಾವಣೆ ಪಾರ್ಕು, ಆಟದ ಮೈದಾನ: ಯೋಜನೆ ಎಲ್ಲಿ ಶುರುವಾಗುತ್ತದೆ, ನಾವು ಯಾವಾಗ ಮಾತಾಡಬೇಕು?

ಹಾಸನ ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನ ಆದ ಮೇಲೆ ಊರಂಚಿನ ಬಡಾವಣೆಗಳಿಗೆ ಹೊಸ ಪ್ರಶ್ನೆಗಳು ಹುಟ್ಟಿಕೊಂಡಿವೆ. ಕಂದಾಯ ಎಷ್ಟಾಗುತ್ತದೆ, ಖಾತೆ ಏನಾಗುತ್ತದೆ, ನೀರು ಯಾವಾಗ ಬರುತ್ತದೆ? ಇವುಗಳ ಜೊತೆಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಸೈಟ್ ಮಾರುವಾಗ ನಕ್ಷೆಯಲ್ಲಿ ‘ಪಾರ್ಕ್’ ಅಂತ ತೋರಿಸಿದ್ದ ಆ ಜಾಗ ನಿಜವಾಗಿ ಪಾರ್ಕ್ ಆಗುವುದು ಯಾವಾಗ? ಈಗಾಗಲೇ ಪಾರ್ಕ್ ಇದ್ದರೆ ಅದು ಸರಿಹೋಗುವುದು ಹೇಗೆ?

ಈ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದೆ ಜನ ಸಾಮಾನ್ಯವಾಗಿ ತಡವಾಗಿ ಬರುತ್ತಾರೆ. ಜಲ್ಲಿ, ಎಂ-ಸ್ಯಾಂಡ್ ಬಂದು ಬಿದ್ದ ಮೇಲೆ, “ಇಲ್ಲಿ ಜಿಮ್ ಬೇಡ ಸಾರ್, ಮಕ್ಕಳು ಆಡೋಕೆ ಜಾಗ ಬಿಡಿ” ಅನ್ನುತ್ತಾರೆ. ಅಷ್ಟು ಹೊತ್ತಿಗೆ ಎಸ್ಟಿಮೇಟ್, ಟೆಂಡರ್, ವರ್ಕ್ ಆರ್ಡರ್ ಎಲ್ಲ ಮುಗಿದಿರುತ್ತದೆ. ಗುತ್ತಿಗೆದಾರ ಪಟ್ಟಿಯಲ್ಲಿ ಇದ್ದದ್ದನ್ನೇ ಮಾಡಬೇಕು, ಇಲ್ಲದಿದ್ದರೆ ಅವನಿಗೆ ಬಿಲ್ ಆಗುವುದಿಲ್ಲ. ಅಂದರೆ ಪಾರ್ಕಿನ ಹಣೆಬರಹ ಬರೆಯುವುದು ಕಾಗದದ ಮೇಲೆ, ಗುದ್ದಲಿ ಪೂಜೆಗೆ ಬಹಳ ತಿಂಗಳು ಮೊದಲು. ಆ ಕಾಗದಗಳು ಯಾವುವು, ಅವು ಯಾವ ಮೇಜಿಂದ ಯಾವ ಮೇಜಿಗೆ ಹೋಗುತ್ತವೆ ಅಂತ ಬುಡದಿಂದ ನೋಡೋಣ.

ಪಾರ್ಕ್, ಆಟದ ಮೈದಾನ, ಸಿ.ಎ. ಸೈಟ್

ಬಡಾವಣೆಯಲ್ಲಿ ಖಾಲಿ ಕಾಣುವ ಜಾಗವೆಲ್ಲ ಒಂದೇ ಅಲ್ಲ. ನಕ್ಷೆಯಲ್ಲಿ ಪಾರ್ಕ್ ಎಂದು ಗುರುತಾದದ್ದು ಒಂದು, ಆಟದ ಮೈದಾನ ಎಂದು ಗುರುತಾದದ್ದು ಇನ್ನೊಂದು. ಮೂರನೆಯದು ನಾಗರಿಕ ಸೌಲಭ್ಯದ ನಿವೇಶನ, ಎಲ್ಲರೂ ಸಿ.ಎ. ಸೈಟ್ ಅನ್ನುವುದು ಇದನ್ನೇ. ಶಾಲೆ, ಆಸ್ಪತ್ರೆ, ಸಮುದಾಯ ಭವನ, ಅಂಚೆ ಕಚೇರಿಯಂಥವಕ್ಕೆ ಇಟ್ಟ ಜಾಗ ಅದು. ಸಿ.ಎ. ಸೈಟನ್ನು ಸಂಘ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುತ್ತಾರೆ. ಹಾಗೆ ಪಾರ್ಕನ್ನು ಕೊಡುವಂತಿಲ್ಲ. ಮನೆ ಎದುರಿನ ಖಾಲಿ ಜಾಗದಲ್ಲಿ ಹತ್ತು ವರ್ಷದಿಂದ ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ ಅಂದ ಮಾತ್ರಕ್ಕೆ ಅದು ಮೈದಾನ ಆಗುವುದಿಲ್ಲ. ಅದು ಸಿ.ಎ. ಸೈಟ್ ಆಗಿದ್ದರೆ ಒಂದು ದಿನ ಅಲ್ಲಿ ಕಟ್ಟಡ ಏಳುವುದು ಕಾನೂನು ಪ್ರಕಾರವೇ ಸರಿ. ಹಾಗಾಗಿ ಮೊದಲ ಕೆಲಸ, ನಕ್ಷೆ ತೆಗೆಸಿ ನೋಡುವುದು.

ಇಂಥ ಜಾಗ ಎಷ್ಟು ಬಿಡಬೇಕು ಅಂತಲೂ ನಿಯಮ ಇದೆ. ಹಾಸನ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮ ಹುಡಾ, ಕೆಲಸ ಮಾಡುವುದು 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಕೆಳಗೆ. ಪ್ರಾಧಿಕಾರವೇ ಬಡಾವಣೆ ಮಾಡಿದರೆ ಒಟ್ಟು ಜಾಗದಲ್ಲಿ ಕನಿಷ್ಠ 15% ಪಾರ್ಕ್ ಮತ್ತು ಆಟದ ಮೈದಾನಕ್ಕೆ, ಅದರ ಮೇಲೆ ಕನಿಷ್ಠ 10% ನಾಗರಿಕ ಸೌಲಭ್ಯಕ್ಕೆ ಇಡಬೇಕು ಅನ್ನುತ್ತದೆ ಆ ಕಾಯ್ದೆ. ಖಾಸಗಿ ಬಡಾವಣೆಗಳಿಗೆ ಪ್ರಮಾಣ ಬೇರೆ, ನಗರ ಯೋಜನಾ ನಿಯಮದ ಪ್ರಕಾರ ಅನುಮೋದಿತ ನಕ್ಷೆಯಲ್ಲಿ ಅದು ನಮೂದಾಗಿರುತ್ತದೆ.

ಹತ್ತು ಎಕರೆಯ ಪ್ರಾಧಿಕಾರದ ಬಡಾವಣೆ ಅಂದುಕೊಳ್ಳಿ. 15% ಅಂದರೆ ಒಂದೂವರೆ ಎಕರೆ, ಅರವತ್ತು ಗುಂಟೆ. ಅದು ಒಂದೇ ಕಡೆ ಇದ್ದರೆ ವಾಕಿಂಗ್ ಪಥ, ಮರ, ಎರಡು ಮೂರು ಅಂಕಣ ಎಲ್ಲ ಹಿಡಿಸುತ್ತದೆ. ಸೈಟ್ ಕತ್ತರಿಸಿ ಉಳಿದ ಮೂಲೆ ಮೂಲೆಗಳನ್ನೆಲ್ಲ ‘ಪಾರ್ಕ್’ ಅಂತ ಬರೆದಿದ್ದರೆ ಲೆಕ್ಕಕ್ಕೆ ಅರವತ್ತು ಗುಂಟೆ ಇರುತ್ತದೆ, ಆಡುವುದಕ್ಕೆ ಏನೂ ಇರುವುದಿಲ್ಲ. ನಕ್ಷೆ ನೋಡುವಾಗ ಗುಂಟೆಯ ಜೊತೆಗೆ ಆಕಾರವನ್ನೂ ನೋಡಬೇಕು.

ಜಾಗ ಈಗ ಯಾರ ಹೆಸರಲ್ಲಿದೆ?

ಪಾರ್ಕ್ ಕೆಲಸ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ. ಪ್ರಾಧಿಕಾರ ಮಾಡಿದ ಬಡಾವಣೆ ಒಂದು ಹಂತದಲ್ಲಿ ನಗರಸಭೆಗೆ ಹಸ್ತಾಂತರ ಆಗಬೇಕು. ಆಗುವವರೆಗೂ ರಸ್ತೆ, ಚರಂಡಿ, ಪಾರ್ಕ್ ಎಲ್ಲ ಪ್ರಾಧಿಕಾರದ ಜವಾಬ್ದಾರಿ. ಖಾಸಗಿಯವರು ಮಾಡಿದ ಬಡಾವಣೆಯಾದರೆ, ಮಾಲೀಕರು ರಸ್ತೆ ಮತ್ತು ಪಾರ್ಕಿನ ಜಾಗವನ್ನು ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕು. ಕಚೇರಿಯಲ್ಲಿ ಇದನ್ನು ರಿಲಿಂಕ್ವಿಶ್‌ಮೆಂಟ್ ಡೀಡ್ ಅನ್ನುತ್ತಾರೆ. ಈ ಪತ್ರ ಆಗದಿದ್ದರೆ ಪಹಣಿಯಲ್ಲಿ ಇನ್ನೂ ಹಳೇ ಮಾಲೀಕರ ಹೆಸರೇ ಇರುತ್ತದೆ. ತನ್ನದಲ್ಲದ ಜಾಗಕ್ಕೆ ಸರ್ಕಾರದ ದುಡ್ಡು ಹಾಕಲು ಯಾವ ಎಂಜಿನಿಯರೂ ಸಹಿ ಮಾಡುವುದಿಲ್ಲ.

ಗ್ರಾಮ ಪಂಚಾಯಿತಿಯಿಂದ ನಗರದ ವ್ಯಾಪ್ತಿಗೆ ಸೇರುವ ಕಡೆ ಇನ್ನೊಂದು ತೊಡಕು. ಕೆಲವು ಕಡೆ ಅನುಮೋದನೆಯೇ ಇಲ್ಲದೆ ಜಮೀನು ತುಂಡು ಮಾಡಿ ಸೈಟ್ ಮಾರಿರುತ್ತಾರೆ, ರೆವಿನ್ಯೂ ಸೈಟ್ ಅಂತಾರಲ್ಲ, ಅವು. ಅಂಥಲ್ಲಿ ಪಾರ್ಕ್ ಅನ್ನುವುದು ಕಾಗದದಲ್ಲೂ ಇರುವುದಿಲ್ಲ. ಅಲ್ಲಿನವರು ಹತ್ತಿರದ ಸರ್ಕಾರಿ ಜಾಗ, ಕೆರೆಯಂಗಳದ ದಂಡೆ, ಸರ್ಕಾರಿ ಶಾಲೆಯ ಮೈದಾನ ಇವನ್ನು ನೋಡಬೇಕಾಗುತ್ತದೆ. ಶಾಲಾ ಮೈದಾನವನ್ನು ಸಂಜೆ ಹೊತ್ತು ಬಡಾವಣೆಯ ಮಕ್ಕಳಿಗೆ ತೆರೆಯಿರಿ ಅಂತ ಶಿಕ್ಷಣ ಇಲಾಖೆ ಮತ್ತು ಎಸ್‌ಡಿಎಂಸಿಯನ್ನು, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯನ್ನು, ಕೇಳುವುದು ಹೊಸ ಮೈದಾನ ಹುಡುಕುವುದಕ್ಕಿಂತ ಎಷ್ಟೋ ಸುಲಭ.

ಜಾಗ ನಮ್ಮದೇ ಅಂತ ಖಾತ್ರಿ ಆದ ಮೇಲೆ ಸರ್ವೆಯವರು ಬಂದು ಹದ್ದುಬಸ್ತು ಮಾಡಿ ಗಡಿ ಗುರುತಿಸಬೇಕು. ಪಕ್ಕದ ಮನೆಯ ಕಾಂಪೌಂಡ್ ಎರಡಡಿ ಒಳಗೆ ಬಂದಿದ್ದರೆ ಗೊತ್ತಾಗುವುದು ಆಗ. ಬೇಲಿ ಹಾಕುವುದು ಇದಾದ ಮೇಲೆ.

ಪಾರ್ಕಿನ ಜಾಗವನ್ನು ಬೇರೆಯದಕ್ಕೆ ಬಳಸಬಹುದೇ?

1985ರಲ್ಲೇ ಇದಕ್ಕಾಗಿ ಕರ್ನಾಟಕದಲ್ಲಿ ಒಂದು ಪ್ರತ್ಯೇಕ ಕಾಯ್ದೆ ಬಂದಿದೆ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆ ಮತ್ತು ನಿಯಂತ್ರಣದ ಕಾಯ್ದೆ ಅದು. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಪಾರ್ಕು, ಮೈದಾನ, ಬಯಲುಗಳ ಪಟ್ಟಿ ಮಾಡಬೇಕು, ಪಟ್ಟಿಗೆ ಸೇರಿದ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಬಾರದು ಅನ್ನುವುದು ಅದರ ತಿರುಳು. ಹೊಸದಾಗಿ ನಗರಕ್ಕೆ ಸೇರುವ ಬಡಾವಣೆಯವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಮ್ಮ ಪಾರ್ಕ್ ಆ ಪಟ್ಟಿಯಲ್ಲಿ ಇದೆಯಾ?

ಇದರ ಬಗ್ಗೆ ದೇಶಕ್ಕೇ ದಾರಿ ತೋರಿಸಿದ ತೀರ್ಪು ಬಂದದ್ದು ನಮ್ಮ ರಾಜ್ಯದ ಮೊಕದ್ದಮೆಯಿಂದ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಹಂಚಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಅವರ ನಡುವಿನ ಈ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸಿಂಧುವಲ್ಲ ಅಂದಿತು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಪಾರ್ಕ್ ಇರುವ ಜಾಗದಲ್ಲಿ ಅಲ್ಲ. ಬಡಾವಣೆಯ ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ ಅನ್ನುವುದೂ ಅದೇ ತೀರ್ಪಿನಲ್ಲಿ ಗಟ್ಟಿಯಾಯಿತು.

ಯಾವ ಆಟಕ್ಕೆ ಎಷ್ಟು ಜಾಗ?

ನಮಗೆ ಸೈಟಿನ ಅಳತೆ ಚೆನ್ನಾಗಿ ಗೊತ್ತು. 30–40 ಸೈಟ್ ಅಂದರೆ 1200 ಚದರಡಿ. ಕಬಡ್ಡಿ ಅಂಕಣ ಗಂಡಸರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಒಂದು ಸೈಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಆದರೆ ಸುತ್ತ ಮೂರು ಮೀಟರ್ ಓಡಾಡಲು ಬಿಡಬೇಕು. ಆಗ ಮೂರು ಸೈಟಿಗಿಂತ ಸ್ವಲ್ಪ ಜಾಸ್ತಿ ಬೇಕು. ಖೋ ಖೋಗೆ 27 ಮೀಟರ್ ಉದ್ದ, 16 ಮೀಟರ್ ಅಗಲ, ಹತ್ತಿರ ಹತ್ತಿರ ನಾಲ್ಕು ಸೈಟ್. ಇನ್ನು ಕ್ರಿಕೆಟ್? ಪಿಚ್ ನಡುವಿನಿಂದ ಸುತ್ತ 60 ಮೀಟರ್ ಬೌಂಡರಿ ಇಟ್ಟರೂ ಎರಡೂಮುಕ್ಕಾಲು ಎಕರೆ ಆಗುತ್ತದೆ. ಬಡಾವಣೆ ಪಾರ್ಕಿನಲ್ಲಿ ಅದು ಆಗದ ಮಾತು. ಬಲೆ ಕಟ್ಟಿದ ನೆಟ್ಸ್ ಇರಬಹುದು, ಟೆನಿಸ್ ಬಾಲ್ ಆಟ ನಡೆಯಬಹುದು. ಲೆದರ್ ಬಾಲ್ ಆಟಕ್ಕೆ ಜಿಲ್ಲಾ ಕ್ರೀಡಾಂಗಣದಂಥ ಜಾಗವೇ ಸರಿ.

ಈ ಅಳತೆ ಗೊತ್ತಿದ್ದರೆ ಸಭೆಯಲ್ಲಿ ಜಗಳ ಕಮ್ಮಿಯಾಗುತ್ತದೆ. ಹನ್ನೆರಡು ಗುಂಟೆಯ ಪಾರ್ಕಿನಲ್ಲಿ ಒಂದು ವಾಲಿಬಾಲ್, ಒಂದು ಕಬಡ್ಡಿ ಅಂಕಣ ಬಿಟ್ಟೂ ಅರ್ಧಕ್ಕಿಂತ ಜಾಸ್ತಿ ಜಾಗ ಉಳಿಯುತ್ತದೆ. ಹಿರಿಯರು ನಡೆಯಲು, ಚಿಕ್ಕ ಮಕ್ಕಳು ಮರಳಲ್ಲಿ ಆಡಲು ಅದು ಸಾಕು. ಅಂಕಣವನ್ನು ಉತ್ತರ ದಕ್ಷಿಣಕ್ಕೆ ಉದ್ದವಾಗಿ ಹಾಕಬೇಕು. ಪೂರ್ವ ಪಶ್ಚಿಮಕ್ಕೆ ಹಾಕಿದರೆ ಸಂಜೆ ಐದರ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಮಕ್ಕಳು ಆಡಲು ಬರುವುದೇ ಆ ಹೊತ್ತಿಗೆ ಅಲ್ವಾ?

ಬರುವವರು ಯಾರು, ಬಾರದವರು ಯಾರು

ಒಳ್ಳೆಯ ಯೋಜನೆ ಲೆಕ್ಕ ಹಾಕುವುದರಿಂದ ಶುರುವಾಗುತ್ತದೆ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಟಕ್ಕೆ ಪಾರ್ಕಿನಲ್ಲಿ ಯಾರಿದ್ದಾರೆ ಅಂತ ಒಂದು ವಾರ ಬರೆದಿಟ್ಟರೆ ಸಾಕು, ದೊಡ್ಡ ಸಮೀಕ್ಷೆ ಬೇಡ. ಅದಕ್ಕಿಂತ ಮುಖ್ಯ, ಯಾರು ಬರುತ್ತಿಲ್ಲ ಅನ್ನುವುದು. ಹತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಕಾಣುತ್ತಿಲ್ಲ ಅಂದರೆ ಕಾರಣ ಹುಡುಕಬೇಕು. ಒಳಗೆ ಏನು ನಡೆಯುತ್ತಿದೆ ಅಂತ ರಸ್ತೆಯಿಂದ ಕಾಣದ ಹಾಗೆ ಎತ್ತರದ ಗೋಡೆ ಇದೆಯಾ? ದೀಪ ಇದೆಯಾ? ಶೌಚಾಲಯ ಇದೆಯಾ, ಇದ್ದರೆ ಬೀಗ ಹಾಕಿದೆಯಾ? ಗೋಡೆಯ ಬದಲು ಗ್ರಿಲ್ ಹಾಕಿದರೆ ಎಷ್ಟೋ ತಾಯಂದಿರು ಮಕ್ಕಳನ್ನು ಧೈರ್ಯವಾಗಿ ಕಳಿಸುತ್ತಾರೆ. 2017ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಭಾರತಕ್ಕೆ ಆಡಿದ ವೇದಾ ಕೃಷ್ಣಮೂರ್ತಿ ನಮ್ಮ ಪಕ್ಕದ ಕಡೂರಿನವರು. ನಮ್ಮ ಹುಡುಗಿಯರಿಗೆ ಆಟದ ಆಸೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ಹೊತ್ತು ಮತ್ತು ಜಾಗ ಬೇಕು. ವಾರದಲ್ಲಿ ಕೆಲವು ಸಂಜೆ ಅಂಕಣವನ್ನು ಅವರಿಗೇ ಬಿಡುವ ಏರ್ಪಾಡು ಮಾಡಲು ಖರ್ಚೇ ಇಲ್ಲ.

ಗೇಟನ್ನೇ ನೋಡಿ. ದನ, ಬೈಕ್ ಒಳಗೆ ಬರಬಾರದು ಅಂತ ಕಬ್ಬಿಣದ ಕಂಬಿಗಳನ್ನು ಅಡ್ಡಡ್ಡ ನೆಟ್ಟು, ಮೈ ಹೊರಳಿಸಿ ನುಗ್ಗುವ ಹಾಗೆ ಮಾಡಿರುತ್ತಾರೆ. ದನ ತಡೆಯುವುದು ಸರಿ. ಆದರೆ ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು, ಊರುಗೋಲು ಹಿಡಿದ ಅಜ್ಜ ಅಲ್ಲಿಂದಲೇ ವಾಪಸ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಜಾಗಗಳು ಎಲ್ಲರಿಗೂ ಸಿಗುವಂತಿರಬೇಕು ಅನ್ನುತ್ತದೆ. 90 ಸೆಂಟಿಮೀಟರ್ ಅಗಲದ ದಾರಿ, ಮೆಟ್ಟಿಲಿದ್ದ ಕಡೆ ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು, ಇಷ್ಟಿದ್ದರೆ ಸಾಕು. ಇದನ್ನು ಎಸ್ಟಿಮೇಟ್ ಹಂತದಲ್ಲೇ ಸೇರಿಸಿದರೆ ಖರ್ಚು ಅಷ್ಟೇನೂ ಜಾಸ್ತಿ ಆಗುವುದಿಲ್ಲ.

ಮಳೆ ನೀರು ಎಲ್ಲಿ ಹೋಗುತ್ತದೆ?

ಯೋಜನೆಯಲ್ಲಿ ಎಲ್ಲರೂ ಮರೆಯುವ, ಆದರೆ ಎಲ್ಲವನ್ನೂ ಹಾಳು ಮಾಡುವ ವಿಷಯ ಇದು. ನಮ್ಮೂರು ಮಲೆನಾಡಿನ ಅಂಚಲ್ಲಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಜಡಿ ಮಳೆಯೋ ಗುಡುಗಿನ ಮಳೆಯೋ ಇದ್ದೇ ಇರುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಮೈದಾನದ ಮೇಲೆ ಒಂದು ದಿನ 50 ಮಿಲಿಮೀಟರ್ ಸುರಿದರೆ ಎರಡು ಲಕ್ಷ ಲೀಟರ್. ಈ ನೀರು ಎಲ್ಲಿಗೋ ಹೋಗಬೇಕು. ದಾರಿ ಮಾಡಿಕೊಡದಿದ್ದರೆ ಮೈದಾನದಲ್ಲೇ ನಿಲ್ಲುತ್ತದೆ, ಸೊಳ್ಳೆ ಸಾಕುತ್ತದೆ.

ನೋಡಲು ಮಟ್ಟಸವಾಗಿ ಕಂಡರೂ ಒಳ್ಳೆಯ ಮೈದಾನ ಮಟ್ಟಸ ಇರುವುದಿಲ್ಲ. ನೂರು ಅಡಿಗೆ ಒಂದಡಿಯಷ್ಟು ಇಳಿಜಾರು ಇರುತ್ತದೆ. ಆಡುವವರ ಕಾಲಿಗೆ ಗೊತ್ತಾಗುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಇಳಿಜಾರಿನ ತುದಿಯಲ್ಲಿ ಕಾಲುವೆ, ಕಾಲುವೆಯ ಕೊನೆಗೆ ಇಂಗುಗುಂಡಿ ಅಥವಾ ರಾಜಕಾಲುವೆಯ ಸಂಪರ್ಕ. ಮೇಲ್ಮೈಗೆ ಕೆಮ್ಮಣ್ಣು ಹಾಕಿ ರೋಲರ್ ಹೊಡೆಸುವುದು ಇದೆಲ್ಲ ಆದ ಮೇಲೆ. ಇಳಿಜಾರು ಕೊಡದೆ ಸುಮ್ನೆ ಮಣ್ಣು ಹಾಕಿಸಿದರೆ ಒಂದೇ ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ. ನಡೆಯುವ ದಾರಿಗೆ ಬೇಕಾದಷ್ಟೇ ಟೈಲ್ಸ್ ಸಾಕು, ಪಾರ್ಕ್ ಪೂರ್ತಿ ಇಂಟರ್‌ಲಾಕ್ ಹಾಕಿದರೆ ನೀರು ಇಂಗುವುದಿಲ್ಲ, ಬೇಸಿಗೆಯಲ್ಲಿ ಕಾಲು ಸುಡುತ್ತದೆ.

ಜೋಕಾಲಿಯ ಕೆಳಗಿನ ಗುಂಡಿ ನೋಡಿದ್ದೀರಲ್ಲ? ಮಕ್ಕಳು ಜೀಕಿ ಜೀಕಿ, ಕಾಲಲ್ಲಿ ನೆಲ ಒದ್ದು ಒದ್ದು, ಒಂದಡಿ ಉದ್ದದ ಬೋಗುಣಿಯಂಥ ತಗ್ಗು ಆಗಿರುತ್ತದೆ. ಆಷಾಢದಲ್ಲಿ ಅದರ ತುಂಬ ಕೆಸರು ನೀರು. ಹಾಗಂತ ಕಾಂಕ್ರೀಟ್ ಹಾಕಿಬಿಟ್ಟರೆ ಗುಂಡಿ ಬೀಳುವುದಿಲ್ಲ ನಿಜ, ಬಿದ್ದ ಮಗುವಿನ ತಲೆ ಒಡೆಯುತ್ತದೆ. ಜೋಕಾಲಿ, ಜಾರುಬಂಡೆಯ ಕೆಳಗೆ ಮುಕ್ಕಾಲಡಿಯಿಂದ ಒಂದಡಿ ಆಳಕ್ಕೆ ಸಡಿಲ ಮರಳು ಇರಬೇಕು, ಮರಳಿನ ಕೆಳಗೆ ನೀರು ಬಸಿಯಲು ಜಲ್ಲಿ ಇರಬೇಕು, ಆಗಾಗ ಮರಳು ಎಳೆದು ಸಮ ಮಾಡಬೇಕು. ಎಸ್ಟಿಮೇಟ್‌ನಲ್ಲಿ ‘ಆಟದ ಸಲಕರಣೆ’ ಅಂತ ಒಂದೇ ಸಾಲು ಇದ್ದರೆ, ಕೆಳಗಿನ ಮರಳು ಎಲ್ಲಿ ಅಂತ ಕೇಳಿ.

ಮರದ ವಿಷಯ ಇಷ್ಟೇ: ಇರುವ ಮರ ಉಳಿಸಿಕೊಂಡು ನಕ್ಷೆ ಬರೆಯಬೇಕು. ಕಡಿಯಲೇಬೇಕು ಅಂದರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಹೊಸದಾಗಿ ನೆಡುವುದಾದರೆ ಹೊಂಗೆ, ನೇರಳೆ, ಬೇವು ನಮ್ಮ ನೆಲಕ್ಕೆ ಹೊಂದಿಕೊಂಡವು.

ದುಡ್ಡು ಎಲ್ಲಿಂದ, ಕಡತ ಹೇಗೆ ಓಡುತ್ತದೆ

ಪಾರ್ಕ್, ಉದ್ಯಾನ, ಆಟದ ಮೈದಾನ ಒದಗಿಸುವುದು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳಲ್ಲಿ ಒಂದು ಅಂತ ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲೇ ಬರೆದಿದೆ. ಹಣ ಮಾತ್ರ ಹಲವು ಕಡೆಯಿಂದ ಬರುತ್ತದೆ. ನಮ್ಮ ಕಂದಾಯದಿಂದ ಬರುವ ಸ್ವಂತ ನಿಧಿ, ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ, ಅದರಿಂದಲೂ ಕೇಳಬಹುದು. ನಗರಗಳ ಮೂಲಸೌಕರ್ಯಕ್ಕಾಗಿ ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಅಮೃತ್ ಯೋಜನೆಯ ನಗರಗಳಲ್ಲಿ ಹಾಸನವೂ ಒಂದು. ಆ ಯೋಜನೆಯ ಹಣದಲ್ಲಿ ಪಾರ್ಕ್ ಮತ್ತು ಹಸಿರು ಜಾಗಕ್ಕೆ 2.5% ವರೆಗೆ ಬಳಸಲು ಅವಕಾಶ ಇಟ್ಟಿದ್ದರು. ಜಿಲ್ಲಾ ಕ್ರೀಡಾಂಗಣದ ಕೆಲಸ ಕ್ರೀಡಾ ಇಲಾಖೆಯ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ವಾರ್ಡ್ ಸದಸ್ಯರನ್ನು ಕೇಳಿ ಪ್ರಯೋಜನ ಇಲ್ಲ.

ಹಣ ಬಂದಾಗ ಮೊದಲು ಆಗುವುದು ಕ್ರಿಯಾ ಯೋಜನೆ. ಈ ವರ್ಷ ಯಾವ ವಾರ್ಡಿನಲ್ಲಿ ಯಾವ ಕಾಮಗಾರಿ, ಎಷ್ಟು ರೂಪಾಯಿ ಅನ್ನುವ ಪಟ್ಟಿ ಅದು. ‘ಇಂಥ ಬಡಾವಣೆ ಉದ್ಯಾನ ಅಭಿವೃದ್ಧಿ’ ಅಂತ ಆ ಪಟ್ಟಿಯಲ್ಲಿ ಒಂದು ಸಾಲು ಇಲ್ಲದಿದ್ದರೆ ಮುಂದೆ ಏನೂ ಇಲ್ಲ. ಸಾಲು ಸೇರಿದ ಮೇಲೆ ಕಿರಿಯ ಎಂಜಿನಿಯರ್ (ಜೆಇ) ಜಾಗಕ್ಕೆ ಬಂದು ಅಳತೆ ತೆಗೆದು, ಸರ್ಕಾರಿ ದರಪಟ್ಟಿ ಪ್ರಕಾರ ಎಸ್ಟಿಮೇಟ್ ಮಾಡುತ್ತಾರೆ. ಮೇಲಿನ ಎಂಜಿನಿಯರ್ ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ಆಮೇಲೆ ಟೆಂಡರ್. ಸಾರ್ವಜನಿಕ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಬಿಡ್ ನಡೆಯುವುದು ಆನ್‌ಲೈನ್‌ನಲ್ಲಿ. ಕೆಲವು ಕಾಮಗಾರಿಗಳನ್ನು ನಿರ್ಮಿತಿ ಕೇಂದ್ರದಂಥ ಸರ್ಕಾರಿ ನಿರ್ಮಾಣ ಸಂಸ್ಥೆಗೆ ಟೆಂಡರ್ ಇಲ್ಲದೆ ನೇರವಾಗಿ ಕೊಡುವುದೂ ಉಂಟು.

ಇದರಲ್ಲಿ ಸಾಮಾನ್ಯ ಜನ ಹೇಳಿದ ಮಾತು ನಡೆಯುವ ಹೊತ್ತು ಎರಡೇ. ಒಂದು, ಬಜೆಟ್‌ಗೆ ಮೊದಲು. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು, ಆದ್ದರಿಂದ ಬಜೆಟ್ ಪೂರ್ವಭಾವಿ ಸಭೆಗಳು ಅದಕ್ಕೂ ಮೊದಲೇ ನಡೆದಿರುತ್ತವೆ. ಡಿಸೆಂಬರ್ ಹೊತ್ತಿಗೇ ಮನವಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡಿರಬೇಕು. ಎರಡು, ಜೆಇ ಅಳತೆಗೆ ಬರುವ ದಿನ. ಅವತ್ತು ಬಡಾವಣೆಯ ನಾಲ್ಕು ಜನ, ಅದರಲ್ಲಿ ಹೆಣ್ಣುಮಕ್ಕಳೂ ಸೇರಿ, ಜಾಗದಲ್ಲಿ ನಿಂತು ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆ ಕತ್ತಲು ಅಂತ ತೋರಿಸಿದರೆ ಎಸ್ಟಿಮೇಟ್ ಬದಲಾಗುತ್ತದೆ. ಆಮೇಲೆ ಹತ್ತು ಪ್ರತಿಭಟನೆ ಮಾಡಿದರೂ ಅಷ್ಟು ಬದಲಾಗುವುದಿಲ್ಲ.

ಆದ ಮೇಲೆ ನೋಡಿಕೊಳ್ಳುವವರು ಯಾರು?

ಹಸು ತರುವುದು ಒಂದು ದಿನದ ಖರ್ಚು, ಮೇವು ಹಾಕುವುದು ದಿನಾ ಖರ್ಚು. ಪಾರ್ಕೂ ಹಾಗೇ. ಅನುದಾನಗಳು ಸಾಮಾನ್ಯವಾಗಿ ಹಸುವಿಗೆ ದುಡ್ಡು ಕೊಡುತ್ತವೆ, ಮೇವಿಗಲ್ಲ. ಕಟ್ಟಲು ಹಣ ಸಿಕ್ಕಿ, ಮಾಲಿಗೆ, ನೀರಿಗೆ, ದೀಪದ ಬಿಲ್ಲಿಗೆ, ಮುರಿದ ಜೋಕಾಲಿ ಸರಪಳಿಗೆ ಹಣ ಇಲ್ಲದೆ ಎರಡೇ ವರ್ಷಕ್ಕೆ ಪಾರ್ಥೇನಿಯಂ ಬೆಳೆಯುವುದು ಇದರಿಂದಲೇ.

ಹುಲ್ಲುಹಾಸಿನ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಹತ್ತು ಗುಂಟೆ ಲಾನ್ ಅಂದರೆ ದಿನಕ್ಕೆ ನಾಲ್ಕೈದು ಸಾವಿರ ಲೀಟರ್, ಹೆಚ್ಚುಕಮ್ಮಿ ಒಂದು ಟ್ರ್ಯಾಕ್ಟರ್ ಟ್ಯಾಂಕರ್. ಮನೆಗಳಿಗೆ ಬರುವ ಹೇಮಾವತಿ ನೀರನ್ನು ಅದಕ್ಕೆ ಸುರಿಯುವುದು ಯಾರಿಗೂ ಒಪ್ಪಿಗೆ ಆಗಲಾರದು. ಲಾನ್ ಚಿಕ್ಕದಿರಲಿ, ನೆರಳು ಜಾಸ್ತಿ ಇರಲಿ ಅನ್ನುವುದು ಇದಕ್ಕೇ. ಮಹಾರಾಜ ಪಾರ್ಕಿನಂಥ ಊರ ನಡುವಿನ ದೊಡ್ಡ ಉದ್ಯಾನಕ್ಕೆ ಸಿಬ್ಬಂದಿ ಸಿಗಬಹುದು. ಬಡಾವಣೆಯ ಮೂಲೆ ಪಾರ್ಕಿಗೆ ಒಬ್ಬ ಮಾಲಿ ಸಿಗುವುದೂ ಕಷ್ಟ. ಕೆಲವು ಕಡೆ ನಿವಾಸಿಗಳ ಸಂಘ ಪಾಲಿಕೆಯ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಂಡು ನಿರ್ವಹಣೆ ವಹಿಸಿಕೊಳ್ಳುತ್ತದೆ. ಒಳ್ಳೆಯ ದಾರಿಯೇ. ಆದರೆ ಆ ಒಪ್ಪಂದದಲ್ಲಿ ಗೇಟಿನ ಬೀಗದ ಕೈ ಯಾರ ಹತ್ತಿರ, ಹೊರಗಿನ ಬಡಾವಣೆಯ ಮಕ್ಕಳನ್ನು ತಡೆಯುವಂತಿಲ್ಲ ಅನ್ನುವುದನ್ನು ಬರೆಸಲೇಬೇಕು. ಅದು ಸಾರ್ವಜನಿಕ ಜಾಗ.

ಕಾಮಗಾರಿ ಮುಗಿದ ಮೇಲೂ ಗುತ್ತಿಗೆದಾರನ ಹೊಣೆ ಮುಗಿಯುವುದಿಲ್ಲ. ಇಷ್ಟು ತಿಂಗಳವರೆಗೆ ಲೋಪ ಕಂಡರೆ ತನ್ನ ಖರ್ಚಲ್ಲೇ ಸರಿಪಡಿಸಬೇಕು ಅಂತ ಕರಾರಿನಲ್ಲಿ ಇರುತ್ತದೆ. ಆ ಅವಧಿ ಎಷ್ಟು ಅಂತ ಮೊದಲೇ ತಿಳಿದುಕೊಂಡು, ಮೊದಲ ಮಳೆಗಾಲ ಕಳೆದ ಕೂಡಲೇ ಮೈದಾನ ಸುತ್ತಿ, ನೀರು ನಿಂತ ಜಾಗ, ಕುಸಿದ ಟೈಲ್ಸ್, ಅಲ್ಲಾಡುವ ಕಂಬ ಎಲ್ಲದರ ಫೋಟೋ ತೆಗೆದು ಲಿಖಿತವಾಗಿ ದೂರು ಕೊಡಬೇಕು. ಕರಾರು, ಎಸ್ಟಿಮೇಟ್, ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕ, ಇವುಗಳ ನಕಲು ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಕಲು ಕೈಗೆ ಬಂದಾಗ ಮೊದಲು ಅಳತೆ ಪುಸ್ತಕ ತೆರೆಯಿರಿ: ಅದರಲ್ಲಿ ಬರೆದ ಮರಳಿನ ಆಳವನ್ನು ಜೋಕಾಲಿಯ ಕೆಳಗೆ ಒಂದು ಕಡ್ಡಿ ಚುಚ್ಚಿ ಯಾರು ಬೇಕಾದರೂ ನೋಡಬಹುದು.